ಬಾಗಿಲು ಹಿಡಿದು ನಿಂತವರ ಮುಖ

ನಿವಾಸಿಗಳ ಸಂಘದ ಮಾನ್ಯ ಅಧ್ಯಕ್ಷರೇ,

ನಮ್ಮ ಕಟ್ಟಡದ ಮುಂಬಾಗಿಲಿಗೆ ನೀವು ತಂದು ಕೂರಿಸಿದ, ಮುಖ ಗುರುತಿಸಿ ಬಾಗಿಲು ತೆರೆಯುವ ಯಂತ್ರ ನನ್ನ ಗಂಡನನ್ನು ಒಳಗೆ ಬಿಡಲಿಲ್ಲ. ಅವರು ತೀರಿಕೊಂಡು ವರ್ಷಗಳೇ ಆದವು, ಒಪ್ಪುತ್ತೇನೆ. ಹಾಗೆಂದು ಮನೆಗೆ ಬರಬಾರದೆ?

ನಮ್ಮ ಈ ಬುಸಾನ್ ಊರಿನಲ್ಲೇ ಹುಟ್ಟಿ ಬೆಳೆದ ತಮಗೆ ಇದನ್ನು ಬಿಡಿಸಿ ಹೇಳಬೇಕಾಗಿ ಬಂದದ್ದು ನನ್ನ ಕರ್ಮ. ತಿಥಿಯ ದಿನ ಎಡೆಯಿಟ್ಟು ಬಾಗಿಲು ತೆರೆದಿಡುತ್ತೇವೆ. ಸತ್ತವರು ಮುಚ್ಚಿದ ಬಾಗಿಲು ತಟ್ಟುವುದಿಲ್ಲ, ಹೊರಗೇ ನಿಂತುಬಿಡುತ್ತಾರೆ. ನನ್ನ ಮನೆಯ ಬಾಗಿಲು ನನ್ನ ಕೈಯಲ್ಲಿದೆ. ಕೆಳಗಿನದು ಕಾವಲುಗಾರ ತಾಕ್ ಅವರ ಕೈಯಲ್ಲಿತ್ತು. ಯಾರ ಮನೆಯಲ್ಲಿ ಯಾವತ್ತು ತಿಥಿ ಎಂಬುದು ಅವರಿಗೆ ನೆನಪಿರುತ್ತಿತ್ತು. ಆ ಸಂಜೆ ಬಾಗಿಲು ಮುಚ್ಚಿಕೊಳ್ಳದಂತೆ ತಮ್ಮ ಕುರ್ಚಿಯನ್ನು ಅಡ್ಡ ಇಟ್ಟು, ಟೋಪಿ ತೆಗೆದು, ಖಾಲಿ ಮೆಟ್ಟಿಲ ಕಡೆ ಬಗ್ಗಿ, "ಬನ್ನಿ ಅಣ್ಣಾ, ಲಿಫ್ಟ್ ಸರಿಯಾಗಿದೆ" ಅನ್ನುತ್ತಿದ್ದರು. ಇದು ಅವರ ಕೆಲಸವೆಂದು ಯಾರೂ ಎಲ್ಲೂ ಬರೆದಿರಲಿಲ್ಲ. ಆದ್ದರಿಂದಲೇ ಯಂತ್ರ ತಂದು ಅವರನ್ನು ಕೆಲಸದಿಂದ ತೆಗೆದಾಗ ಏನು ಹೋಯಿತೆಂದು ನಿಮಗೆ ತಿಳಿಯಲಿಲ್ಲ.

ಈ ಸಲ ನಾನೇ ಕೆಳಗಿಳಿದು ಬಾಗಿಲು ಹಿಡಿದೆ. ಯಂತ್ರ ಕಿರುಚಿಕೊಂಡಿತು. ಬೆದರಿ ಕೈಬಿಟ್ಟೆ, ಮುಚ್ಚಿಕೊಂಡಿತು. ಆಮೇಲೆ, ಗಾಜಿನಾಚೆ ಒಂದು ನರಪಿಳ್ಳೆಯೂ ಇಲ್ಲದಾಗ, ಯಂತ್ರದ ಇಂಪಾದ ಹೆಣ್ಣುದನಿ: "ನಿಮ್ಮ ಮುಖ ನೋಂದಣಿಯಾಗಿಲ್ಲ." ಮತ್ತೆ, "ನಿಮ್ಮ ಮುಖ ನೋಂದಣಿಯಾಗಿಲ್ಲ." ಯಾರ ಮುಖ, ಮಾನ್ಯರೇ? ಗಾಳಿಗೆ ಹಾರಿದ ಎಲೆಯಿರಬೇಕು ಅಂದರು ಆಮೇಲೆ ನಿಮ್ಮ ತಂತ್ರಜ್ಞರು. ಇರಬಹುದು.

ನಾನಿನ್ನೂ ಬಾಗಿಲ ಬಳಿಯೇ ಇದ್ದಾಗ ತಾಕ್ ಬಂದರು, ಊರಾಚೆಯಿಂದ ಬಸ್ಸು ಹಿಡಿದು.

"ದಿನ ಮರೀಲಿಲ್ವಾ ನೀವು?" ಅಂದೆ.

"ಕೆಲಸದಿಂದ ತೆಗೆದ್ರು ಅಕ್ಕಾ, ತಲೆ ತೆಗೀಲಿಲ್ವಲ್ಲ. ನೀವು ಮೇಲೆ ಹೋಗಿ, ಸಾರು ಆರೋಗುತ್ತೆ. ನಾನು ಹಿಡ್ಕೊಂಡಿರ್ತೀನಿ."

"ಕಿರುಚುತ್ತೆ ಇದು."

"ಕಿರುಚ್ಲಿ ಬಿಡಿ. ಅಣ್ಣಾವ್ರು ಇದಕ್ಕಿಂತ ಜೋರಾಗಿ ಕಿರುಚ್ತಿದ್ರು."

ಯಂತ್ರ ಬಡಿದುಕೊಳ್ಳುತ್ತಲೇ ಇತ್ತು. ಅವರು ಬಾಗಿಲಿಗೆ ಬೆನ್ನು ಕೊಟ್ಟು ನಿಂತೇ ಇದ್ದರು. ಮೇಲೆ ಮೂಲಂಗಿ ಸಾರು, ಒಣಮೀನಿನ ಎಡೆಯ ಮುಂದೆ ಕೂತು ನಾನು ಅತ್ತೆ. ನನ್ನವರು ಬಂದರು ಅನ್ನಿಸಿತು.

ಮರುದಿನ ಲಿಫ್ಟಿನಲ್ಲಿ ನಿಮ್ಮ ಸೂಚನೆ: ಅತಿಕ್ರಮ ಪ್ರವೇಶ, ಈ ವ್ಯಕ್ತಿಗೆ ನಿಷೇಧ. ಕೆಳಗೆ ಯಂತ್ರವೇ ತೆಗೆದ ತಾಕ್ ಅವರ ಚಿತ್ರ, ಟೋಪಿ ಕೈಯಲ್ಲಿ. ತಲೆ ನರೆಯುವವರೆಗೆ ನಮ್ಮ ಬಾಗಿಲು ಕಾದವರ ಮುಖ ಕೊನೆಗೂ ನೋಂದಣಿಯಾಯಿತು, ಕಳ್ಳರ ಜೊತೆಯಲ್ಲಿ. ನಿಮಗೆ ನಾಚಿಕೆಯಾಗಲಿಲ್ಲವೆ? ನನಗಾಯಿತು.

ಆ ಚಿತ್ರ ಕೀಳಿಸಿ. ಅವರ ಕುರ್ಚಿಯನ್ನು ಅದಿದ್ದ ಜಾಗದಲ್ಲಿ ಇಡಿಸಿ, ಅವರನ್ನು ಕರೆಸಿ. ಬೇಗ ಮಾಡಿ, ಮುಂದಿನ ತಿಂಗಳು ನಿಮ್ಮ ತಾಯಿಯವರ ತಿಥಿಯಂತೆ. ಆ ರಾತ್ರಿ ಹೊರಡುವಾಗ ತಾಕ್ ಅವರೇ ನೆನಪಿಸಿದರು. ಆ ಸಂಜೆ ನಿಮ್ಮಮ್ಮನಿಗೆ ಬಾಗಿಲು ತೆಗೆಯುವವರು ಯಾರು?

ಇಂತಿ,
ಸದ್ಯಕ್ಕೆ ಮುಖ ನೋಂದಣಿಯಲ್ಲಿರುವ
ಮಾ ಬೊಂಗ್‌ಸುಕ್, ಮೂರನೇ ಮಹಡಿ