ಖಾಲಿ ಸೈಟಿನ ನರಿ

ಜನವರಿ 8, ಬೆಳಿಗ್ಗೆ

ಮತ್ತೆ ದಟ್ಟಗಳ್ಳಿಯ ಕೊನೆ ರಸ್ತೆ. ಖಾಲಿ ಸೈಟಿನ ಲಂಟಾನ ಪೊದೆ. ಕ್ಯಾಮೆರಾಗೆ ನರಿ ಸಿಕ್ಕಿತು — ಹಿಂದೆ ಸಾಲು ಸ್ಕೂಟರ್. ಒಳ್ಳೆ ಫ್ರೇಮ್. ಅಲ್ಲೇ ಕುರಿ ಮೇಯಿಸುವ ಬೀರಮ್ಮ ನಕ್ಕರು. "ನರಿ ಮುಖ ನೋಡುದ್ರೆ ಅದೃಷ್ಟ ಅಂತಾರೆ. ದಿನಾ ನೋಡ್ತೀಯಲ್ಲ ಕುಸುಮವ್ವ, ಏನು ಸಿಕ್ತು?" ಇಲ್ಲಿನ ನರಿಗಳು ಕೋಳಿ ಅಂಗಡಿಯವರು ಎಸೆದದ್ದನ್ನು ತಿಂದುಕೊಂಡಿರುತ್ತವಂತೆ. ಬೀರಮ್ಮನ ಕುರಿ ಮುಟ್ಟಿಲ್ಲವಂತೆ.

ಜನವರಿ 19, ಬೆಳಿಗ್ಗೆ

ಬಿಸಿಲೇರಿದರೂ ಒಂದು ನರಿ ರಸ್ತೆ ಮಧ್ಯೆ ನಿಂತಿತ್ತು. ಓಡಲಿಲ್ಲ. ನೇರ ನನ್ನ ಕಡೆಗೇ ಬಂತು... ಬಾಯಿ ತುಂಬಾ ಜೊಲ್ಲು. ಒಂದು ಫೋಟೊ ತೆಗೆದೆ, ಆಮೇಲೆ ನಿಂತಲ್ಲೇ ನಿಂತುಬಿಟ್ಟೆ. ಬೀರಮ್ಮ ಕೋಲು ಹಿಡಿದು ಅಡ್ಡ ಬಂದರು. ಅವರ ಕಾಲಿಗೇ ಬಾಯಿ ಹಾಕಿತು. ಏಟು ಬಿದ್ದ ಮೇಲೆ ಬಿಟ್ಟು, ಓಲಾಡುತ್ತಾ ಮೋರಿಗೆ ಇಳಿಯಿತು.

ನಲ್ಲಿ ಕೆಳಗೆ ಸೋಪು ಹಾಕಿ ಗಾಯ ತೊಳೆದೆ. ಆಸ್ಪತ್ರೆ ಅಂದರೆ, "ಗೀರು ಕಣವ್ವ, ಅರಿಶಿನ ಮೆತ್ತುದ್ರೆ ಹೋಯ್ತದೆ." ಹೊರಟೇಬಿಟ್ಟರು.

ಮಧ್ಯಾಹ್ನ

ಫೋಟೊ ಜೂಮ್ ಮಾಡಿದೆ. ನೊರೆ. ಯಾವುದರ ಮೇಲೂ ನಿಲ್ಲದ ನೋಟ. ಊಟ ಬಿಟ್ಟು ಬೀರಮ್ಮನ ಶೆಡ್ಡಿಗೆ ಓಡಿದೆ. ತೋರಿಸಿದೆ.

"ನಂಗಾಗ್ಲೇ ಗೊತ್ತಾಯ್ತು ಕಣವ್ವ. ನಮ್ಮಪ್ಪನ್ನ ಉಚ್ಚುನಾಯಿ ಕಚ್ಚಿತ್ತು. ಆಸ್ಪತ್ರೆಲಿ ರೂಮಿಗೆ ಬೀಗ ಹಾಕುದ್ರು. ಒಬ್ನೇ ಕಿರುಚ್ಕೊಂಡು ಸತ್ತ. ನಾ ಬರಕ್ಕಿಲ್ಲ."

"ಬೀಗ ಹಾಕಿದ್ರೆ ನಾನೂ ಒಳಗೇ ಇರ್ತೀನಿ. ಬನ್ನಿ."

ಆಟೋದಲ್ಲಿ ದಾರಿಯುದ್ದಕ್ಕೂ ಬೀರಮ್ಮ ನನ್ನ ಕೈ ಬಿಡಲಿಲ್ಲ.

ಸಂಜೆ

ಬೀರಮ್ಮನ ಗಾಯದ ಸುತ್ತಲೂ ಇಂಜೆಕ್ಷನ್ ಚುಚ್ಚಿದರು. ಆಮೇಲೆ ಡಾಕ್ಟರು ನನ್ನ ಕಡೆ ತಿರುಗಿದರು. "ಗಾಯ ತೊಳೆದಿದ್ದು ನೀವಾ? ಕೈ ತೋರಿಸಿ." ಬೆರಳಲ್ಲಿ ಹಸಿ ಗಾಯ. ನಿನ್ನೆ ಈಳಿಗೆ ತಾಗಿದ್ದು... ಮರೆತೇ ಹೋಗಿತ್ತು. ತೊಳೆಯುವಾಗ ನರಿಯ ಜೊಲ್ಲು ಅದಕ್ಕೆ ತಾಗಿರಬಹುದಂತೆ; ನನಗೂ ಇಂಜೆಕ್ಷನ್. ಈ ಸಲ ಬೀರಮ್ಮ ನನ್ನ ಬೆನ್ನು ಸವರುತ್ತಿದ್ದರು.

ಫೆಬ್ರವರಿ 17

ಇಬ್ಬರಿಗೂ ಕೊನೆ ಡೋಸ್ ಆಯಿತು. ಇನ್ನು ಭಯ ಬೇಡ ಎಂದರು ಡಾಕ್ಟರು. ಆದರೂ ರೇಬಿಸ್ ಹಿಡಿದರೆ ನೀರು ಇಳಿಯುವುದಿಲ್ಲವಂತಲ್ಲ, ಬೆಳಿಗ್ಗೆ ಮೊದಲ ಗುಟುಕು ನೀರು ಗಂಟಲಲ್ಲಿ ಇಳಿಯುವ ತನಕ ಉಸಿರು ಬಿಗಿಹಿಡಿದಿರುತ್ತೇನೆ. ಆ ನರಿ ಅಂದೇ ಮೋರಿಯಲ್ಲಿ ಸತ್ತಿತಂತೆ. ಲೇಔಟಿನವರು ಪೊದೆಗೆ ಬೆಂಕಿ ಹಾಕುವ ಮಾತಾಡುತ್ತಿದ್ದಾರೆ. ಬೀರಮ್ಮ ಅವರ ಎದುರೇ ಹೇಳಿದರು: "ಕಚ್ಚುಸ್ಕೊಂಡೋಳು ನಾನು. ಉಳ್ದಿರೋ ನರಿಗ್ಳು ಏನ್ಮಾಡಿದ್ವು? ಬೆಂಕಿ ಹಾಕಕ್ಕೆ ಬುಡಾಕಿಲ್ಲ." ನಾನು ಅವರ ಪರ ನಿಲ್ಲಲಿಲ್ಲ. ಒಳಗೊಳಗೇ ಸುಟ್ಟುಬಿಡಲಿ ಅನಿಸಿತ್ತು.

ಫೆಬ್ರವರಿ 26, ಬೆಳಿಗ್ಗೆ

ಕ್ಯಾಮೆರಾ ಹಿಡಿದು ಹೋದೆ. ಬೀರಮ್ಮನೇ ಎಳೆದುಕೊಂಡು ಹೋದರು ಎನ್ನಬೇಕು. ಪೊದೆ ಅಲುಗಿತು. ನಾನು ಬೀರಮ್ಮನ ಹಿಂದೆ ಸರಿದೆ. "ನಾ ಇಲ್ಲೇ ಇವ್ನಿ, ನೋಡು." ಒಂದು ನರಿ ತಲೆ ಹಾಕಿತು. ನಮ್ಮನ್ನು ಕಂಡದ್ದೇ ಬೆಚ್ಚಿಬಿದ್ದು ಓಡಿತು. ಹೆದರಿ ಓಡಿತು! ಅದಕ್ಕೆ ನಮ್ಮ ಭಯ ಇದೆ... ಅಂದರೆ ಹುಚ್ಚಿಲ್ಲ, ಚೆನ್ನಾಗಿದೆ. ಇಬ್ಬರೂ ನಗುತ್ತಾ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆವು. ಫೋಟೊ ತೆಗೆಯುವುದನ್ನೇ ಮರೆತೆ.