ಕೈ ಆಡಿಸದ ಕುಣಿತ

ರಿಫಾ, ಬಹರೈನ್
೨೦-೩-೮೨

ಲೋಕಯ್ಯ ಮಾವನಿಗೆ ಕಮಲಾಕ್ಷನ ನಮಸ್ಕಾರ.

ನಿನ್ನೆ ನಮ್ಮ ಐರಿಶ್ ಇಂಜಿನಿಯರರ ಅಂಗಳದಲ್ಲಿ ಅವರ ದೇಶದ ಹಬ್ಬ. ದೀಪದ ವಯರು ಎಳೆಯಲು ಹೋದವನು ಕುಣಿತ ನೋಡುತ್ತ ನಿಂತೆ. ಪಿಟೀಲು ಜೋರಾದಂತೆ ಅವರ ಮಗಳ ಕಾಲು ಚೆಂಡೆಯ ಹಾಗೆ ನೆಲ ಬಡಿಯಿತು. ಕೈ ಮಾತ್ರ ಎರಡೂ ತೊಡೆಗೆ ಅಂಟಿದ್ದವು. ಕೈನೋವಾ ಎಂದು ಕೇಳಿದೆ. “ಕೈ ಅಲುಗಿದರೆ ಟೀಚರ್ ಬೈತಾರೆ” ಎಂದಳು.

ಯಕ್ಷಗಾನ ಕಲಿಸುವಾಗ ನೀವು “ನಿನ್ನ ಕೈ ಸತ್ತಿದೆಯಾ ಮಾರಾಯ?” ಎಂದು ನನ್ನನ್ನು ಮನೆಗೆ ಕಳಿಸಿದ್ದಿರಿ. ಯಾರ ಪಾಠ ಸರಿಯೋ ತಿಳಿಯುವುದಿಲ್ಲ.

ನನ್ನ ಕೆಮ್ಮು ವಾಸಿ. ನಿಮ್ಮ ಮೊಣಕಾಲಿಗೆ ಮುಲಾಮು, ಊರಿಗೆ ಹೊರಟ ಚೆನ್ನು ಅಕ್ಕನ ಕೈಯಲ್ಲಿ ಕಳಿಸಿದ್ದೇನೆ.

ರೂಮಿಗೆ ಬಂದು ಅವಳಂತೆ ಕುಣಿಯಲು ನೋಡಿದೆ ಮಾವ. ಈಗ ಕೈ ಕೆಳಗೆ ನಿಲ್ಲುವುದೇ ಇಲ್ಲ.

ಕಮಲಾಕ್ಷ