ದರ್ಶನ ಕೊಡದ ಚಿರತೆ

ಮಾರ್ಚ್ ೧೬, ಭಾನುವಾರ

ಇವತ್ತು ಅತ್ತಿಗೆಯ ಜೊತೆ ನೋಡಿ ಬಂದ ಮೃಗಾಲಯದ ನಕ್ಷೆ ಇನ್ನೂ ತಲೆ ಕೊರೆಯುತ್ತಿದೆ. ಮನೆಗಳ ನಕ್ಷೆ ಬರೆದು ಹೊಟ್ಟೆ ಹೊರೆಯುವವನಿಗೆ ರಜಾದಿನವೂ ಇದೇ ಗೋಳು. ಜಿಂಕೆಗಳ ಎದುರಿಗೇ ತೋಳದ ಬೋನು ಇಟ್ಟಿದ್ದಾರೆ; ಪಾಪ, ಅವು ಬಾಯಲ್ಲಿದ್ದ ಹುಲ್ಲನ್ನೂ ಅಗಿಯದೆ ನಿಂತಿದ್ದವು. ಕರಡಿಗೆ ನಾಲ್ಕೂ ಕಡೆ ಗಾಜು. ಎತ್ತ ತಿರುಗಿದರೂ ಯಾರದೋ ಮುಖ.

ಚಿರತೆಯ ಆವರಣ ಮಾತ್ರ ಮೆಚ್ಚುವಂತಿತ್ತು. ಬಂಡೆ, ಪೊದೆ, ಹಿಂದೊಂದು ಗುಹೆ. ಚಿರತೆ ಮಾತ್ರ ಕಾಣಲಿಲ್ಲ.

"ಇಷ್ಟು ಹೊತ್ತು ಕಾದ್ರೂ ದರ್ಶನ ಕೊಡ್ಲಿಲ್ವಲ್ಲ ಪುಣ್ಯಾತ್ಮ!" ಎಂದು ಅತ್ತಿಗೆ ಗಾಜು ಕುಟ್ಟಿದರು.

"ಅದಕ್ಕೇ ಇದು ಒಳ್ಳೇ ಜಾಗ ಅತ್ತಿಗೆ. ಬೇಡ ಅನ್ನಿಸಿದಾಗ ಮರೆಗೆ ಹೋಗಬಹುದು," ಎಂದೆ, ದೊಡ್ಡ ಪಂಡಿತನ ಹಾಗೆ.

ಮನೆಗೆ ಬಂದರೆ ಮಗಳ ಕೋಣೆಯ ಬಾಗಿಲು ಮುಚ್ಚಿಯೇ ಇತ್ತು. ಪರೀಕ್ಷೆಯ ಫಲಿತಾಂಶ ಬಂದಾಗಿನಿಂದ ಹೀಗೇ. "ಇವಳೂ ದರ್ಶನ ಕೊಡಲ್ವೇನೋ?" ಎಂದು ಅತ್ತಿಗೆ ಬಾಗಿಲು ಕುಟ್ಟಲು ಕೈ ಎತ್ತಿದರು. ದಿನವೂ ಹಾಗೆ ಕುಟ್ಟುವವನು ನಾನು. ಇವತ್ತು ಹೋಗಿ ಬಾಗಿಲಿಗೆ ಅಡ್ಡ ನಿಂತೆ.

ಒಳಗೆ ಮಂಚ ಕಿರುಗುಟ್ಟಿತು. ಇದ್ದಾಳೆ. ಇವತ್ತಿಗೆ ಅಷ್ಟು ಗೊತ್ತಾದರೆ ಸಾಕು. ನಾಳೆ ಅವಳಿಗೇ ಅನ್ನಿಸಿದರೆ ಹೊರಗೆ ಬರುತ್ತಾಳೆ.